ಫಿಲಡೆಲ್ಫಿಯದ ಮೀಡ್ ಮನೆತನ: ಒಬ್ಬ ಐರಿಷ್ ವರ್ತಕನ ವಂಶಚರಿತ್ರೆ

ಅಮೆರಿಕಾದ ಅಂತರ್ಯುದ್ಧದ ಬಗ್ಗೆ ಸ್ವಲ್ಪವಾದರೂ ಓದಿದವರಿಗೆ ಜನರಲ್ ಜಾರ್ಜ್ ಗೋರ್ಡನ್ ಮೀಡ್ ಅವರ ಹೆಸರು ಗೊತ್ತಿರುತ್ತದೆ. 1863ರ ಜುಲೈ 1ರಿಂದ 3ರವರೆಗೆ ಗೆಟಿಸ್‌ಬರ್ಗ್‌ನಲ್ಲಿ ನಡೆದ ಯುದ್ಧದಲ್ಲಿ ಉತ್ತರದ ಸೈನ್ಯವನ್ನು ಮುನ್ನಡೆಸಿ ಗೆದ್ದವರು ಅವರು. ಆದರೆ ಅವರ ಮುತ್ತಜ್ಜ ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಒಬ್ಬ ಕಥೋಲಿಕ ವರ್ತಕ ಎಂಬುದು ಹೆಚ್ಚಿನವರಿಗೆ ತಿಳಿಯದು. ಈ ಮನೆತನದ ಅಳಿಯನೊಬ್ಬರು ಅಮೆರಿಕಾ ಸಂವಿಧಾನಕ್ಕೆ ಸಹಿ ಹಾಕಿದ ಇಬ್ಬರೇ ಇಬ್ಬರು ಕಥೋಲಿಕರಲ್ಲಿ ಒಬ್ಬರು ಎಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಮೀಡ್ ಮನೆತನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಜನರಲ್ ಅವರಿಂದ ಆರಂಭಿಸಿ ಹಿಂದಕ್ಕೆ ಹೋಗುತ್ತಾರೆ. ಇಲ್ಲಿ ನಾವು ಬಂದರಿನಿಂದಲೇ ಆರಂಭಿಸೋಣ. ಏಕೆಂದರೆ ಈ ಕುಟುಂಬದ ಹಣ ಎರಡು ತಲೆಮಾರುಗಳಲ್ಲಿ ಎರಡು ಸಲ ಮುಳುಗಿತು. ಉಳಿದದ್ದು ನೆಂಟಸ್ತಿಕೆ ಮತ್ತು ಹೆಸರು. ಕುಟುಂಬ ತಂದಿದ್ದ ವಿಶ್ವಾಸಕ್ಕೆ ಏನಾಯಿತು ಎಂಬುದನ್ನೂ ಬಿಚ್ಚುಮನಸ್ಸಿನಿಂದ ನೋಡಬೇಕಾಗುತ್ತದೆ.

ಐರ್ಲೆಂಡಿನಲ್ಲಿ ಮುಚ್ಚಿದ್ದ ಬಾಗಿಲು

ಮೊದಲ ವರ್ತಕ ರಾಬರ್ಟ್ ಮೀಡ್. ಇವರ ಮೂಲ ಐರ್ಲೆಂಡಿನ ಲಿಮರಿಕ್ ಕೌಂಟಿ ಎಂದು ವಂಶಾವಳಿಗಳು ಹೇಳುತ್ತವೆ. ಐರ್ಲೆಂಡಿನ ದಕ್ಷಿಣ ಭಾಗದಲ್ಲಿ ಈ ಹೆಸರು ಹಳೆಯದು. ಹಿಂದಿನ ಕಾಗದಪತ್ರಗಳಲ್ಲಿ ಇದನ್ನು ಮೀಯಾ, ಮಿಯಾಖ್ ಎಂಬ ರೂಪಗಳಲ್ಲಿಯೂ ಕಾಣಬಹುದು. ಇಂಗ್ಲಿಷ್ ಗುಮಾಸ್ತರ ಕೈಯಲ್ಲಿ ಅದು ಮೀಡ್ ಆಯಿತು.

ಅವರು ಊರು ಬಿಟ್ಟ ಕಾಲ ಐರ್ಲೆಂಡಿನ ಕಥೋಲಿಕರಿಗೆ ಕಷ್ಟದ ಕಾಲ. 1704ರ ಕಾನೂನಿನ ಪ್ರಕಾರ ಕಥೋಲಿಕನೊಬ್ಬ ಭೂಮಿ ಕೊಳ್ಳುವಂತಿರಲಿಲ್ಲ, 31 ವರ್ಷಕ್ಕಿಂತ ಹೆಚ್ಚಿನ ಗೇಣಿ ಪಡೆಯುವಂತಿರಲಿಲ್ಲ. ಇದ್ದ ಭೂಮಿಯೂ ತಂದೆಯ ನಂತರ ಎಲ್ಲ ಗಂಡುಮಕ್ಕಳ ನಡುವೆ ಹರಿದು ಹಂಚಿಹೋಗಬೇಕಿತ್ತು. ಹಿರಿಯ ಮಗ ಪ್ರೊಟೆಸ್ಟೆಂಟ್ ಆದರೆ ಮಾತ್ರ ಇಡೀ ಆಸ್ತಿ ಅವನಿಗೆ. ಕಾನೂನು ಮಾಡಿದವರು ಬಹಳ ಯೋಚಿಸಿಯೇ ಮಾಡಿದ್ದರು. ತಂದೆ ಮಗನನ್ನು, ಅಣ್ಣ ತಮ್ಮನನ್ನು ಸಂಶಯದಿಂದ ನೋಡುವಂತೆ ಮಾಡುವುದಕ್ಕಿಂತ ದೊಡ್ಡ ಶಿಕ್ಷೆ ಒಂದು ಕುಟುಂಬಕ್ಕೆ ಬೇರೆ ಯಾವುದಿದೆ? ಮತದಾನ, ಸರಕಾರಿ ಹುದ್ದೆ, ವಕೀಲಿ ಇವೆಲ್ಲವೂ ಅವರಿಗೆ ಮುಚ್ಚಿಹೋದವು.

ಹೀಗೆ ಭೂಮಿಯ ದಾರಿ ಮುಚ್ಚಿದಾಗ ತೆರೆದಿದ್ದ ಒಂದು ದಾರಿ ವ್ಯಾಪಾರ. ಕಾರ್ಕ್, ವಾಟರ್‌ಫರ್ಡ್, ಲಿಮರಿಕ್, ಗಾಲ್ವೇ ಬಂದರುಗಳ ಕಥೋಲಿಕ ಮನೆತನಗಳು ಉಪ್ಪಿಟ್ಟ ದನದ ಮಾಂಸ, ಬೆಣ್ಣೆ, ಲಿನನ್ ಬಟ್ಟೆ ಸಾಗಿಸಲಾರಂಭಿಸಿದವು. ಮಕ್ಕಳಲ್ಲಿ ಒಬ್ಬನನ್ನು ಸ್ಪೇನಿನ ಕಾದಿಸ್‌ಗೆ, ಒಬ್ಬನನ್ನು ಫ್ರಾನ್ಸಿನ ಬೋರ್ಡೋಗೆ, ಇನ್ನೊಬ್ಬನನ್ನು ವೆಸ್ಟ್ ಇಂಡೀಸ್‌ಗೆ ಕಳುಹಿಸಿದವು. ಆ ಕಾಲದಲ್ಲಿ ಕಾಗದ ತಲುಪಲು ತಿಂಗಳುಗಳೇ ಬೇಕಿದ್ದವು. ದೂರದ ಊರಿನಲ್ಲಿ ಸಾಲ ಕೊಟ್ಟು ವಸೂಲು ಮಾಡಲು ರಕ್ತಸಂಬಂಧಕ್ಕಿಂತ ಗಟ್ಟಿಯಾದ ಜಾಮೀನು ಇರಲಿಲ್ಲ. ಕಾರ್ಕ್‌ನ ಮೊಯ್ಲನ್ ಮನೆತನ ಇದಕ್ಕೆ ಒಳ್ಳೆಯ ಉದಾಹರಣೆ: ಒಬ್ಬ ಮಗ ಫ್ರಾನ್ಸಿಸ್ ಕಾರ್ಕ್‌ನ ಧರ್ಮಾಧ್ಯಕ್ಷರಾದರು, ಇನ್ನೊಬ್ಬ ಮಗ ಸ್ಟೀಫನ್ ಫಿಲಡೆಲ್ಫಿಯದಲ್ಲಿ ವರ್ತಕರಾಗಿ ಮುಂದೆ ವಾಷಿಂಗ್ಟನ್ನರ ಸೈನ್ಯದಲ್ಲಿ ಅಧಿಕಾರಿಯಾದರು.

ರಾಬರ್ಟ್ ಮೀಡ್: ಬಾರ್ಬಡೋಸ್ ಮತ್ತು ಫಿಲಡೆಲ್ಫಿಯದ ನಡುವೆ

ರಾಬರ್ಟ್ ಮೀಡ್ ಸುಮಾರು 1732ರಲ್ಲಿ ಫಿಲಡೆಲ್ಫಿಯದಲ್ಲಿ ನೆಲೆಸಿದರು. ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿಯೂ ಅವರಿಗೆ ಬಂಧುಗಳಿದ್ದರು. ವ್ಯಾಪಾರವೂ ಆ ದಾರಿಯಲ್ಲಿಯೇ ಹೋಯಿತು. ಪೆನ್ಸಿಲ್ವೇನಿಯದ ಗೋಧಿ ಹಿಟ್ಟು, ಹಡಗಿನ ಗಟ್ಟಿ ಬಿಸ್ಕತ್ತು, ಪೀಪಾಯಿ ಮಾಡುವ ಹಲಗೆ ದ್ವೀಪಗಳಿಗೆ ಹೋಗುತ್ತಿದ್ದವು. ಸಕ್ಕರೆ, ಕಾಕಂಬಿ, ರಮ್ ಅಲ್ಲಿಂದ ಬರುತ್ತಿದ್ದವು. ಆ ಸಕ್ಕರೆಯನ್ನು ಬೆಳೆದು ಅರೆದು ಕುದಿಸಿದವರು ಆಫ್ರಿಕಾದಿಂದ ಕಟ್ಟಿ ತಂದ ಗುಲಾಮರು ಎಂಬುದನ್ನು ಇಂಥ ಮನೆತನಗಳ ಕಥೆ ಹೇಳುವಾಗ ಮರೆಯಬಾರದು. ತಮ್ಮ ದೇಶದಲ್ಲಿ ಹಕ್ಕು ಕಳೆದುಕೊಂಡವರ ಸಂಪತ್ತು ಇನ್ನೊಂದು ಜನಾಂಗದ ಹಕ್ಕೇ ಇಲ್ಲದ ದುಡಿಮೆಯ ಮೇಲೆ ನಿಂತಿತ್ತು. ಹಳೆಯ ಕಥೋಲಿಕ ಬರಹಗಾರರು ಈ ವಿಷಯವನ್ನು ಹೆಚ್ಚಾಗಿ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದಾರೆ.

ಫಿಲಡೆಲ್ಫಿಯ ಮತ್ತು ಐರ್ಲೆಂಡ್ ನಡುವೆಯೂ ವಿಶೇಷ ವ್ಯಾಪಾರವೊಂದಿತ್ತು. ಒಳ್ಳೆಯ ಲಿನನ್ ನೂಲು ಬೇಕಾದರೆ ಅಗಸೆ ಗಿಡವನ್ನು ಬೀಜ ಬಲಿಯುವ ಮೊದಲೇ ಕೀಳಬೇಕು. ಆದ್ದರಿಂದ ಐರ್ಲೆಂಡಿನ ರೈತರಿಗೆ ಮುಂದಿನ ವರ್ಷದ ಬಿತ್ತನೆ ಬೀಜ ಹೊರಗಿನಿಂದ ಬರಬೇಕಿತ್ತು. ಚಳಿಗಾಲದ ಆರಂಭದಲ್ಲಿ ಅಗಸೆಬೀಜದ ಪೀಪಾಯಿಗಳನ್ನು ಹೊತ್ತು ಫಿಲಡೆಲ್ಫಿಯದಿಂದ ಹೊರಟ ಹಡಗುಗಳು ಹಿಂದಿರುಗುವಾಗ ಲಿನನ್ ಬಟ್ಟೆಯನ್ನೂ ವಲಸೆಗಾರರನ್ನೂ ತುಂಬಿಕೊಂಡು ಬರುತ್ತಿದ್ದವು. ಪ್ರಯಾಣದ ಹಣವಿಲ್ಲದವರು ಕೆಲವು ವರ್ಷಗಳ ಜೀತಕ್ಕೆ ಒಪ್ಪಿ ಬರುತ್ತಿದ್ದರು. ಅಮೆರಿಕಾಕ್ಕೆ ಐರಿಷ್ ವಲಸೆ ಬೆಳೆದ ದಾರಿಗಳಲ್ಲಿ ಈ ಬೀಜದ ಹಡಗುಗಳೂ ಒಂದು.

ರಾಬರ್ಟ್ ಮೀಡ್ ಬಂದ ಮರುವರ್ಷ, 1733ರಲ್ಲಿ, ಯೇಸುಸಭೆಯ ಗುರು ಜೋಸೆಫ್ ಗ್ರೇಟನ್ ಅವರು ಆ ನಗರದಲ್ಲಿ ಸಂತ ಜೋಸೆಫರ ಪುಟ್ಟ ಪ್ರಾರ್ಥನಾಲಯವನ್ನು ಆರಂಭಿಸಿದರು. ಮೀಡ್ ಅವರು ಅಲ್ಲಿನ ಮೊದಮೊದಲ ಭಕ್ತಾದಿಗಳಲ್ಲಿ ಒಬ್ಬರು. ವಿಲಿಯಂ ಪೆನ್ 1701ರಲ್ಲಿ ಕೊಟ್ಟ ಹಕ್ಕುಪತ್ರದಿಂದಾಗಿ ಪೆನ್ಸಿಲ್ವೇನಿಯದಲ್ಲಿ ಕಥೋಲಿಕರು ಬಹಿರಂಗವಾಗಿ ಬಲಿಪೂಜೆ ಅರ್ಪಿಸಬಹುದಿತ್ತು. ಆಗಿನ ಇಂಗ್ಲಿಷ್ ವಸಾಹತುಗಳಲ್ಲಿ ಇದು ಅಪರೂಪ. 1734ರಲ್ಲಿ ಈ ಪ್ರಾರ್ಥನಾಲಯದ ವಿಷಯ ಪ್ರಾಂತ್ಯದ ಆಡಳಿತ ಮಂಡಳಿಯ ಮುಂದೆ ದೂರಾಗಿ ಬಂದರೂ ಅದನ್ನು ಮುಚ್ಚಿಸಲಿಲ್ಲ. ಆದರೆ ಪೂಜೆಯ ಸ್ವಾತಂತ್ರ್ಯವೇ ಬೇರೆ, ಪೌರ ಹಕ್ಕೇ ಬೇರೆ. ಸಾರ್ವಜನಿಕ ಹುದ್ದೆ ಬೇಕಿದ್ದರೆ ಪರಮಪ್ರಸಾದದ ಕುರಿತ ಕಥೋಲಿಕ ಬೋಧನೆಯನ್ನು ನಿರಾಕರಿಸಿ ಪ್ರಮಾಣ ಮಾಡಬೇಕಿತ್ತು. 1757ರಲ್ಲಿ ಫ್ರೆಂಚರೊಂದಿಗಿನ ಯುದ್ಧದ ಸಮಯದಲ್ಲಿ ಸರಕಾರ ಪ್ರಾಂತ್ಯದ ಕಥೋಲಿಕರನ್ನು ಎಣಿಸಿತು. ಸಿಕ್ಕ ಸಂಖ್ಯೆ 1,365. ಅದರಲ್ಲಿ ಜರ್ಮನರು 949, ಐರಿಷರು 416. ಇಷ್ಟು ಮಂದಿಗೆ ಹೆದರಿ ಎಣಿಕೆ ಮಾಡಿಸಿದ್ದರು!

ರಾಬರ್ಟ್ 1754ರಲ್ಲಿ ತೀರಿಕೊಂಡರು. ಬಿಟ್ಟುಹೋದ ಮಕ್ಕಳಲ್ಲಿ ಈ ಕಥೆಗೆ ಬೇಕಾದವರು ಮೂವರು: ಜಾರ್ಜ್, ಗ್ಯಾರೆಟ್ ಮತ್ತು ಕ್ಯಾಥರೀನ್.

ಕ್ಯಾಥರೀನ್ ಮತ್ತು ಅಳಿಯ ಫಿಟ್ಸೈಮನ್ಸ್

ಗಂಡಸರ ಹೆಸರುಗಳಿಂದಲೇ ಕಟ್ಟಿದ ವಂಶವೃಕ್ಷಗಳಲ್ಲಿ ಕ್ಯಾಥರೀನ್‌ಗೆ ಸಿಗುವುದು ಒಂದು ಸಣ್ಣ ಕೊಂಬೆ, ಅದೂ ಮಕ್ಕಳಿಲ್ಲದ ಕೊಂಬೆ. ಆದರೆ ಮನೆತನದ ಉಚ್ಛ್ರಾಯ ಕಾಲ ಆರಂಭವಾದದ್ದು ಆಕೆಯ ಮದುವೆಯಿಂದ. 1761ರಲ್ಲಿ ಆಕೆ ಥಾಮಸ್ ಫಿಟ್ಸೈಮನ್ಸ್ ಎಂಬ ಯುವಕನನ್ನು ವರಿಸಿದರು. ಫಿಟ್ಸೈಮನ್ಸ್ 1741ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರು, ಹದಿಹರೆಯದಲ್ಲಿ ಫಿಲಡೆಲ್ಫಿಯಕ್ಕೆ ಬಂದವರು. ವ್ಯಾಪಾರಿಯ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡಿ ಕೆಲಸ ಕಲಿತವರು. ಮೀಡ್ ಮನೆತನಕ್ಕೆ ಅಳಿಯನಾದ ಮೇಲೆ ತನ್ನಷ್ಟೇ ವಯಸ್ಸಿನ ಭಾವಮೈದುನ ಜಾರ್ಜ್ ಜೊತೆ ಪಾಲುದಾರನಾದರು. 'ಜಾರ್ಜ್ ಮೀಡ್ ಆ್ಯಂಡ್ ಕಂಪನಿ' ಹೀಗೆ ಹುಟ್ಟಿತು, ದಶಕಗಳ ಕಾಲ ನಡೆಯಿತು.

1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸ್ಟ್ಯಾಂಪ್ ತೆರಿಗೆಯನ್ನು ವಿರೋಧಿಸಿ ಫಿಲಡೆಲ್ಫಿಯದ ವರ್ತಕರು ಬ್ರಿಟಿಷ್ ಸರಕನ್ನು ತರಿಸುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿದರು. ಆ ಪಟ್ಟಿಯಲ್ಲಿ ಜಾರ್ಜ್ ಮತ್ತು ಗ್ಯಾರೆಟ್ ಮೀಡ್ ಅವರ ಹೆಸರುಗಳಿವೆ. 1771ರ ಮಾರ್ಚ್ 17ರಂದು ಸಂತ ಪ್ಯಾಟ್ರಿಕ್ಕರ ಹಬ್ಬದ ದಿನ 'ಫ್ರೆಂಡ್ಲಿ ಸನ್ಸ್ ಆಫ್ ಸೇಂಟ್ ಪ್ಯಾಟ್ರಿಕ್' ಎಂಬ ಐರಿಷ್ ವರ್ತಕರ ಕೂಟ ಆರಂಭವಾದಾಗ ಮೀಡ್ ಮತ್ತು ಫಿಟ್ಸೈಮನ್ಸ್ ಇಬ್ಬರೂ ಅದರಲ್ಲಿದ್ದರು. ಮೇಲೆ ಹೇಳಿದ ಸ್ಟೀಫನ್ ಮೊಯ್ಲನ್ ಅದರ ಮೊದಲ ಅಧ್ಯಕ್ಷರು. ಕೂಟದ ಹೆಚ್ಚಿನ ಸದಸ್ಯರು ಪ್ರೊಟೆಸ್ಟೆಂಟರು. ಐರ್ಲೆಂಡಿನಲ್ಲಿ ಒಂದೇ ಮೇಜಿನಲ್ಲಿ ಕುಳಿತು ಉಣ್ಣುವುದು ಕಷ್ಟವಾಗಿದ್ದವರು ಇಲ್ಲಿ ಒಟ್ಟಿಗೆ ಕುಳಿತರು. 1781ರ ಕೊನೆಯಲ್ಲಿ ಜಾರ್ಜ್ ವಾಷಿಂಗ್ಟನ್ನರನ್ನು ಈ ಕೂಟಕ್ಕೆ ಸೇರಿಸಿಕೊಳ್ಳಲು ಅವರನ್ನು ದತ್ತು ಸದಸ್ಯ ಎಂದು ಕರೆಯಬೇಕಾಯಿತು, ಏಕೆಂದರೆ ಅವರಲ್ಲಿ ಐರಿಷ್ ರಕ್ತವಿರಲಿಲ್ಲ.

ಸ್ವಾತಂತ್ರ್ಯ ಸಂಗ್ರಾಮದಲ್ಲಿ ಫಿಟ್ಸೈಮನ್ಸ್ ನಾಗರಿಕ ಸೇನೆಯ ಒಂದು ತುಕಡಿಗೆ ಕ್ಯಾಪ್ಟನ್ ಆದರು. 1780ರಲ್ಲಿ ವಾಷಿಂಗ್ಟನ್ನರ ಸೈನ್ಯಕ್ಕೆ ಊಟವಿಲ್ಲದ ಸ್ಥಿತಿ ಬಂತು. ಆಗ ಫಿಲಡೆಲ್ಫಿಯದ ತೊಂಬತ್ತಕ್ಕೂ ಹೆಚ್ಚು ವರ್ತಕರು ಸೇರಿ ಮೂರು ಲಕ್ಷ ಪೌಂಡುಗಳ ಭರವಸೆ ಕೊಟ್ಟು ಸೈನ್ಯಕ್ಕೆ ರೇಷನ್ ಮತ್ತು ರಮ್ ಒದಗಿಸಲು ಒಂದು ಬ್ಯಾಂಕನ್ನು ಕಟ್ಟಿದರು. ಅವರಲ್ಲಿ 27 ಮಂದಿ ಐರಿಷ್ ಕೂಟದವರು, ಅವರ ಪಾಲು 1,03,500 ಪೌಂಡು. ಮೀಡ್ ಮತ್ತು ಫಿಟ್ಸೈಮನ್ಸ್ ಇಬ್ಬರೂ ಈ ಪಟ್ಟಿಯಲ್ಲಿದ್ದಾರೆ. ಮರುವರ್ಷ ರಾಬರ್ಟ್ ಮಾರಿಸ್ ಅವರ ಯೋಜನೆಯಂತೆ ಬ್ಯಾಂಕ್ ಆಫ್ ನಾರ್ತ್ ಅಮೆರಿಕಾ ರೂಪುಗೊಂಡಾಗ ಫಿಟ್ಸೈಮನ್ಸ್ ಅದರ ನಿರ್ದೇಶಕರಲ್ಲಿ ಒಬ್ಬರಾದರು.

1787ರ ಸೆಪ್ಟೆಂಬರ್ 17ರಂದು ಸಂವಿಧಾನಕ್ಕೆ ಸಹಿ ಬಿದ್ದಾಗ ಸಹಿ ಹಾಕಿದ ಕಥೋಲಿಕರು ಇಬ್ಬರು: ಮೇರಿಲ್ಯಾಂಡಿನ ಡೇನಿಯಲ್ ಕ್ಯಾರೊಲ್ ಮತ್ತು ಪೆನ್ಸಿಲ್ವೇನಿಯದ ಫಿಟ್ಸೈಮನ್ಸ್. ಕ್ಯಾರೊಲ್ ಹುಟ್ಟಿನಿಂದಲೇ ಶ್ರೀಮಂತರು. ಫಿಟ್ಸೈಮನ್ಸ್ ವಲಸೆ ಬಂದವರು. ಕೇಂದ್ರದ ಯಾವ ಹುದ್ದೆಗೂ ಧಾರ್ಮಿಕ ಪ್ರಮಾಣ ಕೇಳಬಾರದು ಎಂಬ ವಿಧಿ ಆ ಸಂವಿಧಾನದ ಆರನೆಯ ಅನುಚ್ಛೇದದಲ್ಲಿದೆ. ಅದರ ಬೆಲೆ ಅವರಿಗಿಂತ ಚೆನ್ನಾಗಿ ತಿಳಿದವರು ಆ ಸಭಾಂಗಣದಲ್ಲಿ ಹೆಚ್ಚು ಮಂದಿ ಇದ್ದಿರಲಾರರು. 1789ರಿಂದ 1795ರವರೆಗೆ ಅವರು ಕಾಂಗ್ರೆಸ್ಸಿನ ಸದಸ್ಯರಾಗಿದ್ದರು. 1790ರ ಫೆಬ್ರವರಿಯಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಕ್ವೇಕರ್ ಪಂಥದವರು ಕೊಟ್ಟ ಅರ್ಜಿಯನ್ನು ಸದನದಲ್ಲಿ ಮಂಡಿಸಿದವರೂ ಇವರೇ. ವೆಸ್ಟ್ ಇಂಡೀಸ್ ವ್ಯಾಪಾರದಿಂದ ಬೆಳೆದ ಮನುಷ್ಯ ಆ ಅರ್ಜಿಯನ್ನು ಕೈಯಲ್ಲಿ ಹಿಡಿದು ಎದ್ದು ನಿಂತರು ಎಂಬುದನ್ನು ಅವರ ಲೆಕ್ಕದಲ್ಲಿ ಬರೆಯಲೇಬೇಕು.

ವಾಷಿಂಗ್ಟನ್ ಅಧ್ಯಕ್ಷರಾದಾಗ ಅಮೆರಿಕಾದ ಕಥೋಲಿಕರು ಒಂದು ಅಭಿನಂದನಾ ಪತ್ರ ಸಲ್ಲಿಸಿದರು. ಧರ್ಮಾಧ್ಯಕ್ಷ ಜಾನ್ ಕ್ಯಾರೊಲ್ ಗುರುವರ್ಗದ ಪರವಾಗಿ ಸಹಿ ಹಾಕಿದರೆ, ಶ್ರೀಸಾಮಾನ್ಯರ ಪರವಾಗಿ ನಾಲ್ವರು ಸಹಿ ಹಾಕಿದರು. ಅವರಲ್ಲಿ ಇಬ್ಬರು ಕ್ಯಾರೊಲ್ ಮನೆತನದವರು, ಇನ್ನಿಬ್ಬರು ಐರ್ಲೆಂಡಿನಿಂದ ಬಂದ ವರ್ತಕರು: ಫಿಟ್ಸೈಮನ್ಸ್ ಮತ್ತು ಗಾಲ್ವೇಯ ಡೊಮಿನಿಕ್ ಲಿಂಚ್. 1763ರಲ್ಲಿ ಕಟ್ಟಿದ ಸಂತ ಮೇರಿಯ ದೇವಾಲಯ, 1796ರಲ್ಲಿ ಆರಂಭವಾದ ಸಂತ ಅಗಸ್ಟೀನರ ದೇವಾಲಯ, 1789ರ ಜಾರ್ಜ್‌ಟೌನ್ ಕಾಲೇಜು ಈ ಎಲ್ಲಕ್ಕೂ ಈ ವರ್ತಕರ ಹಣ ಹರಿದಿದೆ. ಸಂತ ಅಗಸ್ಟೀನರ ದೇವಾಲಯಕ್ಕೆ ಅತಿ ದೊಡ್ಡ ದಾನಿ ಫಿಟ್ಸೈಮನ್ಸ್ ಅವರೇ. ಆ ದೇವಾಲಯವನ್ನು 1844ರಲ್ಲಿ ವಲಸೆಗಾರರ ವಿರೋಧಿ ಗುಂಪುಗಳು ಸುಟ್ಟುಹಾಕಿದವು. ಅದನ್ನು ಮತ್ತೆ ಕಟ್ಟಲಾಯಿತು.

ಜಾರ್ಜ್ ಮೀಡ್: ಏರಿಕೆ ಮತ್ತು ದಿವಾಳಿ

ಜಾರ್ಜ್ ಮೀಡ್ 1768ರಲ್ಲಿ ಹೆನ್ರಿಯೆಟಾ ಕಾನ್ಸ್ಟಾನ್ಶಿಯಾ ವೋರ್ಸಮ್ ಅವರನ್ನು ಮದುವೆಯಾದರು. ಆಕೆಯ ತಂದೆ ರಿಚರ್ಡ್ ವೋರ್ಸಮ್ ಬಾರ್ಬಡೋಸ್ ದ್ವೀಪದ ಆಡಳಿತ ಮಂಡಳಿಯ ಸದಸ್ಯರು. ಅಂಥ ಹುದ್ದೆಯಲ್ಲಿ ಕಥೋಲಿಕರು ಇರುವಂತಿರಲಿಲ್ಲ, ಅದೊಂದು ಆಂಗ್ಲಿಕನ್ ಮನೆತನ. ವ್ಯಾಪಾರದ ದೃಷ್ಟಿಯಿಂದ ಇದು ಒಳ್ಳೆಯ ಸಂಬಂಧ. ವಿಶ್ವಾಸದ ದೃಷ್ಟಿಯಿಂದ ಮನೆಯೊಳಗೆ ಎರಡು ದಾರಿಗಳು ತೆರೆದವು. ಅಂದಿನ ಫಿಲಡೆಲ್ಫಿಯದಲ್ಲಿ ಅಂತಸ್ತಿಗೆ ಸರಿಯಾದ ಕಥೋಲಿಕ ವಧೂವರರು ಎಷ್ಟು ಮಂದಿ ಸಿಗುತ್ತಿದ್ದರು? 416 ಐರಿಷರು ಎಂಬ 1757ರ ಲೆಕ್ಕವನ್ನು ಇಲ್ಲಿ ಮತ್ತೆ ನೆನಪಿಸಿಕೊಳ್ಳಬೇಕು. ಮಿಶ್ರ ವಿವಾಹಗಳನ್ನು ಸುಲಭವಾಗಿ ಟೀಕಿಸುವವರು ಈ ಸಂಖ್ಯೆಯನ್ನು ಗಮನಿಸಿದರೆ ಒಳ್ಳೆಯದು.

ದಂಪತಿಗೆ ಹತ್ತು ಮಕ್ಕಳು. ಗಂಡುಮಕ್ಕಳ ಪೈಕಿ ವಂಶ ಮುಂದುವರಿದದ್ದು ಒಬ್ಬ ಮಗನಿಂದ ಮಾತ್ರ. ತಾತನ ಹೆಸರನ್ನೇ ಇಟ್ಟುಕೊಂಡ ರಿಚರ್ಡ್ ವೋರ್ಸಮ್ ಮೀಡ್ ಆತ.

ಯುದ್ಧ ಮುಗಿದ ಮೇಲೆ ಫಿಲಡೆಲ್ಫಿಯದ ಹಣವಂತರನ್ನೆಲ್ಲ ಒಂದೇ ಹುಚ್ಚು ಹಿಡಿಯಿತು: ಭೂಮಿ. ಪಶ್ಚಿಮದ ಕಾಡುನೆಲವನ್ನು ಲಕ್ಷಾಂತರ ಎಕರೆಗಳ ಲೆಕ್ಕದಲ್ಲಿ ಸಾಲ ಮಾಡಿ ಕೊಳ್ಳುವುದು, ಯೂರೋಪಿನಿಂದ ಬರುವ ವಲಸೆಗಾರರಿಗೆ ಮಾರಿ ಲಾಭ ಮಾಡುವುದು. ಆದರೆ ಯೂರೋಪಿನಲ್ಲಿ ಯುದ್ಧ ಶುರುವಾಯಿತು, ಕೊಳ್ಳುವವರು ಬರಲಿಲ್ಲ, ಸಾಲದ ಹುಂಡಿಗಳು ಮಾತ್ರ ತಪ್ಪದೆ ಬಂದವು. ಕ್ರಾಂತಿಯ ಖಜಾಂಚಿ ಎಂದೇ ಹೆಸರಾದ ರಾಬರ್ಟ್ ಮಾರಿಸ್ 1798ರಲ್ಲಿ ಸಾಲಗಾರರ ಜೈಲು ಸೇರಿದರು. ಜಾರ್ಜ್ ಮೀಡ್ 1801ರಲ್ಲಿ ದಿವಾಳಿಯಾದರು. ಮಾರಿಸ್ ಅವರಿಗೆ ದೊಡ್ಡ ಮೊತ್ತ ಸಾಲ ಕೊಟ್ಟು, ಭೂಮಿಯಲ್ಲೂ ಹಣ ಹಾಕಿದ್ದ ಫಿಟ್ಸೈಮನ್ಸ್ ಕೂಡ ಕೆಲವು ವರ್ಷಗಳ ನಂತರ ದಿವಾಳಿಯಾದರು. ಹಡಗಿನ ವ್ಯಾಪಾರದಲ್ಲಿ ಸಮುದ್ರದ ಅಪಾಯವನ್ನು ನಾಲ್ಕು ದಶಕ ನಿಭಾಯಿಸಿದವರು ನೆಲದ ಮೇಲೆ ಮುಳುಗಿದರು. ಐರ್ಲೆಂಡಿನಲ್ಲಿ ಅವರ ಹಿರಿಯರಿಗೆ ಕೊಳ್ಳಲು ಬಿಡದಿದ್ದದ್ದೂ ಇದೇ ಭೂಮಿ. ಆ ಹಸಿವು ಎಷ್ಟು ಆಳವಾಗಿತ್ತೋ ಏನೋ.

ಜಾರ್ಜ್ 1808ರಲ್ಲಿ ತೀರಿಕೊಂಡರು. ಅದೇ ವರ್ಷ ಫಿಲಡೆಲ್ಫಿಯ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಮೊದಲ ಧರ್ಮಾಧ್ಯಕ್ಷ ಮೈಕಲ್ ಈಗನ್ ಕೂಡ ಐರ್ಲೆಂಡಿನವರು. ಕ್ಯಾಥರೀನ್ ತೀರಿಕೊಂಡ ನಂತರ, 1811ರ ಆಗಸ್ಟ್ 26ರಂದು ಫಿಟ್ಸೈಮನ್ಸ್ ನಿಧನರಾದರು. ಸಂತ ಮೇರಿಯ ದೇವಾಲಯದ ಸ್ಮಶಾನದಲ್ಲಿ ಮೀಡ್ ಕುಟುಂಬದ ಗೋರಿಯಲ್ಲಿಯೇ ಅವರನ್ನು ಇಟ್ಟರು.

ರಿಚರ್ಡ್ ವೋರ್ಸಮ್ ಮೀಡ್: ಕಾದಿಸ್‌ನ ಸೆರೆಮನೆ

ಮೂರನೆಯ ತಲೆಮಾರಿನ ಕಥೆ ಬಂದರಿನಿಂದ ಬಂದರಿಗೆ ಹೋಗುತ್ತದೆ. 1778ರಲ್ಲಿ ಹುಟ್ಟಿದ ರಿಚರ್ಡ್, ಮಾರ್ಗರೆಟ್ ಕೋಟ್ಸ್ ಬಟ್ಲರ್ ಅವರನ್ನು ಮದುವೆಯಾಗಿ ಸ್ಪೇನಿನ ಕಾದಿಸ್‌ನಲ್ಲಿ ವ್ಯಾಪಾರ ಹೂಡಿದರು. ಅಲ್ಲಿ ಅಮೆರಿಕಾ ನೌಕಾಪಡೆಯ ಏಜೆಂಟರೂ ಆದರು. ಬಹಳ ಹಣ ಮಾಡಿದರು, ಒಳ್ಳೆಯ ಚಿತ್ರಗಳನ್ನು ಸಂಗ್ರಹಿಸಿದರು. ನೆಪೋಲಿಯನ್ನನ ಸೈನ್ಯ 1810ರಿಂದ 1812ರವರೆಗೆ ಕಾದಿಸ್ ನಗರವನ್ನು ಮುತ್ತಿಗೆ ಹಾಕಿತ್ತು. ಸ್ಪೇನಿನ ಸರಕಾರ ಉಸಿರು ಹಿಡಿದುಕೊಂಡಿದ್ದದ್ದು ಆ ನಗರದಲ್ಲಿ. ಮೀಡ್ ಆ ಸರಕಾರಕ್ಕೆ ಸಾಲದ ಮೇಲೆ ಸರಕು ಒದಗಿಸಿದರು.

ಯುದ್ಧ ಮುಗಿದು ರಾಜ ಏಳನೆಯ ಫರ್ಡಿನಾಂಡ್ ಮರಳಿ ಬಂದ ಮೇಲೆ ಸಾಲ ತೀರಲಿಲ್ಲ. ಬದಲಾಗಿ ಒಂದು ಹಣದ ವಿವಾದದಲ್ಲಿ 1816ರಲ್ಲಿ ಅವರನ್ನು ಕಾದಿಸ್‌ನ ಸಾಂತಾ ಕತಲೀನಾ ಕೋಟೆಯಲ್ಲಿ ಸೆರೆಯಿಟ್ಟರು. ಎರಡು ವರ್ಷ ಅವರು ಅಲ್ಲಿದ್ದರು. ಮಾರ್ಗರೆಟ್ 1817ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಫಿಲಡೆಲ್ಫಿಯಕ್ಕೆ ಮರಳಿದರು. ಆ ಮಕ್ಕಳಲ್ಲಿ ಒಬ್ಬ ಜಾರ್ಜ್ ಗೋರ್ಡನ್, 1815ರ ಡಿಸೆಂಬರ್ 31ರಂದು ಕಾದಿಸ್‌ನಲ್ಲಿ ಹುಟ್ಟಿದವನು. ಅಲ್ಲಿನ ಜಪಮಾಲೆ ಮಾತೆಯ ದೇವಾಲಯದಲ್ಲಿ ಅವನಿಗೆ ದೀಕ್ಷಾಸ್ನಾನವಾಗಿತ್ತು.

ರಿಚರ್ಡ್ ಅವರ ಬಾಕಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1819ರ ಒಪ್ಪಂದದಲ್ಲಿ ಸ್ಪೇನ್ ಫ್ಲಾರಿಡಾವನ್ನು ಅಮೆರಿಕಾಕ್ಕೆ ಬಿಟ್ಟುಕೊಟ್ಟಿತು. ಅದಕ್ಕೆ ಪ್ರತಿಯಾಗಿ ಸ್ಪೇನಿನ ಮೇಲೆ ಅಮೆರಿಕನ್ ಪ್ರಜೆಗಳಿಗಿದ್ದ ಬಾಕಿಗಳನ್ನು 50 ಲಕ್ಷ ಡಾಲರ್ ಮಿತಿಯವರೆಗೆ ಅಮೆರಿಕಾ ಸರಕಾರವೇ ತೀರಿಸುವುದೆಂದು ಒಪ್ಪಿಕೊಂಡಿತು. ಇದರಿಂದ ಮೀಡ್ ಸ್ಪೇನಿನ ಬಳಿ ಕೇಳುವ ಹಕ್ಕನ್ನು ಕಳೆದುಕೊಂಡು ತಮ್ಮ ಸರಕಾರದ ಬಳಿ ಕೇಳಬೇಕಾಯಿತು. 1820ರಲ್ಲಿ ಸ್ಪೇನಿನ ಅಧಿಕಾರಿಗಳೇ ಲೆಕ್ಕ ನೋಡಿ 4,91,153 ಡಾಲರ್ ಕೊಡಬೇಕೆಂದು ದೃಢಪಡಿಸಿದ್ದರು. ಆದರೆ ವಾಷಿಂಗ್ಟನ್‌ನಲ್ಲಿ ಕುಳಿತ ಆಯೋಗ ಆ ದೃಢೀಕರಣವನ್ನು ಸಾಕೆಂದು ಒಪ್ಪದೆ ಮೂಲ ರಶೀದಿಗಳನ್ನು ಕೇಳಿತು. ಮೂಲ ರಶೀದಿಗಳು ಸ್ಪೇನ್ ಸರಕಾರದ ಕೈಯಲ್ಲಿದ್ದವು. ಅವು ಸಮಯಕ್ಕೆ ಬರಲಿಲ್ಲ. 1824ರಲ್ಲಿ ಆಯೋಗದ ಅವಧಿ ಮುಗಿಯಿತು, ಹಣ ಉಳಿದವರಿಗೆ ಹಂಚಿಹೋಯಿತು. ಕಚೇರಿಯಿಂದ ಕಚೇರಿಗೆ ಕಾಗದ ಹಿಡಿದು ಅಲೆದವರಿಗೆ ಈ ಕಥೆ ಅರ್ಥವಾಗುತ್ತದೆ.

ರಿಚರ್ಡ್ ವಾಷಿಂಗ್ಟನ್‌ನಲ್ಲಿಯೇ ಮನೆ ಮಾಡಿ ಬಾಕಿಗಾಗಿ ಹೋರಾಡಿದರು. 1828ರಲ್ಲಿ ಅಲ್ಲಿಯೇ ತೀರಿಕೊಂಡರು, ಒಂದು ಡಾಲರೂ ಸಿಗಲಿಲ್ಲ.

ಸೈನಿಕರಾದ ಮೊಮ್ಮಕ್ಕಳು

ವರ್ತಕ ಮನೆತನದಿಂದ ಸೈನಿಕರು ಏಕೆ ಬಂದರು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ತಂದೆ ಸತ್ತಾಗ ಜಾರ್ಜ್ ಗೋರ್ಡನ್‌ಗೆ ಹನ್ನೆರಡು ವರ್ಷ. ಮನೆಯಲ್ಲಿ ಹಣವಿಲ್ಲ. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದಿಗೆ ಶುಲ್ಕವಿರಲಿಲ್ಲ. 1835ರಲ್ಲಿ ಅವರು ಅಲ್ಲಿಂದ ಹೊರಬಂದಾಗ 56 ಮಂದಿಯಲ್ಲಿ 19ನೆಯವರು. ಸೈನ್ಯದ ಮೇಲೆ ಅಂಥ ಪ್ರೀತಿಯೇನೂ ಅವರಿಗಿರಲಿಲ್ಲ. ಮರುವರ್ಷವೇ ರಾಜೀನಾಮೆ ಕೊಟ್ಟು ಸರ್ವೇ ಕೆಲಸಕ್ಕೆ ಹೋದರು, ಸಂಸಾರದ ಖರ್ಚಿಗಾಗಿ 1842ರಲ್ಲಿ ಮತ್ತೆ ಸೈನ್ಯ ಸೇರಿದರು. ನ್ಯೂಜೆರ್ಸಿ ಕರಾವಳಿಯ ಬಾರ್ನೆಗಟ್ ಮತ್ತು ಆ್ಯಬ್ಸಿಕನ್ ದೀಪಸ್ತಂಭಗಳ ಹಿಂದೆ ಎಂಜಿನಿಯರ್ ಮೀಡ್ ಅವರ ಕೈಯಿದೆ. ಸಮುದ್ರ ವ್ಯಾಪಾರಿಗಳ ಮೊಮ್ಮಗ ಹಡಗುಗಳಿಗೆ ದೀಪ ಕಟ್ಟಿದ್ದು ಕಾಕತಾಳೀಯವಾದರೂ ನೆನಪಿಡುವಂಥದ್ದು.

1863ರ ಜೂನ್ 28ರ ಬೆಳಗಿನ ಜಾವ ಅವರಿಗೆ ಪೊಟೊಮ್ಯಾಕ್ ಸೈನ್ಯದ ಅಧಿಪತ್ಯ ಬಂತು. ಮೂರು ದಿನಗಳಲ್ಲಿ ಗೆಟಿಸ್‌ಬರ್ಗ್ ಯುದ್ಧ ಆರಂಭವಾಯಿತು. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸುಮಾರು 50,000. ಆ ಯುದ್ಧದ ವಿವರಗಳಿಗೆ ಬೇರೆ ಪುಸ್ತಕಗಳಿವೆ.

ಕಾದಿಸ್‌ನಲ್ಲಿ ಕಥೋಲಿಕನಾಗಿ ದೀಕ್ಷಾಸ್ನಾನ ಪಡೆದ ಜನರಲ್ ಮುಂದೆ ಎಪಿಸ್ಕೋಪಲ್ ಸಭೆಯವರಾಗಿ ಬದುಕಿದರು. ಅಜ್ಜಿ ಆಂಗ್ಲಿಕನ್ ಮನೆಯಿಂದ ಬಂದವರು, ತಂದೆ ಸೆರೆಯಲ್ಲಿ ಮತ್ತು ನಂತರ ಕಚೇರಿಗಳಲ್ಲಿ. ಮಕ್ಕಳನ್ನು ಬೆಳೆಸಿದ್ದು ತಾಯಿ. ವಿಶ್ವಾಸ ಯಾವಾಗ ಯಾವ ದಿನ ಬದಲಾಯಿತು ಎಂದು ಇಂಥ ಮನೆಗಳಲ್ಲಿ ಬೆರಳಿಟ್ಟು ತೋರಿಸಲಾಗದು. 1872ರ ನವೆಂಬರ್ 6ರಂದು ಜನರಲ್ ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದು ಫಿಲಡೆಲ್ಫಿಯದ ಸಂತ ಮಾರ್ಕರ ಎಪಿಸ್ಕೋಪಲ್ ದೇವಾಲಯದಲ್ಲಿ. ಅಧ್ಯಕ್ಷ ಗ್ರ್ಯಾಂಟ್ ಬಂದಿದ್ದರು.

ವಂಶಾವಳಿ ಹುಡುಕುವವರಿಗೆ

ಈ ಮನೆತನದ ಬಗ್ಗೆ ಓದುವವರು ಹೆಸರುಗಳಲ್ಲಿ ಎಡವುವುದು ಸಾಮಾನ್ಯ. ರಿಚರ್ಡ್ ವೋರ್ಸಮ್ ಮೀಡ್ ಎಂಬವರು ಮೂವರಿದ್ದಾರೆ. ಒಬ್ಬರು ಕಾದಿಸ್‌ನ ವರ್ತಕ. ಎರಡನೆಯವರು ಅವರ ಮಗ, ನೌಕಾಪಡೆಯ ಅಧಿಕಾರಿ, 1870ರಲ್ಲಿ ನಿಧನ. ಮೂರನೆಯವರು ಮೊಮ್ಮಗ, ರಿಯರ್ ಅಡ್ಮಿರಲ್ ಆಗಿ 1897ರಲ್ಲಿ ನಿಧನರಾದವರು. ಇವರ ತಮ್ಮ ರಾಬರ್ಟ್ ಲೀಮಿ ಮೀಡ್ ಮೆರೀನ್ ಪಡೆಯ ಬ್ರಿಗೇಡಿಯರ್ ಜನರಲ್. ಈ ಇಬ್ಬರು ಅಣ್ಣತಮ್ಮಂದಿರ ಹೆಸರನ್ನು ಎರಡನೆಯ ಮಹಾಯುದ್ಧದ ಒಂದು ಯುದ್ಧನೌಕೆಗೆ ಇಡಲಾಯಿತು. ಜಾರ್ಜ್ ಎಂಬವರೂ ಹಾಗೆಯೇ: ವರ್ತಕ ಜಾರ್ಜ್, ಮೊಮ್ಮಗ ಜನರಲ್ ಜಾರ್ಜ್, ಜನರಲ್ ಅವರ ಮಗ ಕರ್ನಲ್ ಜಾರ್ಜ್. ವರ್ಷಗಳನ್ನು ಪಕ್ಕದಲ್ಲಿ ಬರೆದುಕೊಳ್ಳದೆ ಓದಿದರೆ ತಂದೆಯ ಸಾಲ ಮಗನ ತಲೆಗೆ ಬರುತ್ತದೆ.

ದಾಖಲೆಗಳ ವಿಷಯದಲ್ಲಿ ಅಮೆರಿಕಾದ ಕಡೆ ಬೆಳಕಿದೆ. ಸಂತ ಜೋಸೆಫರ ದೇವಾಲಯದ ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆಗಳನ್ನು 1758ರಿಂದ ಮುಂದಕ್ಕೆ ಅಮೆರಿಕನ್ ಕಥೋಲಿಕ ಚರಿತ್ರೆಯ ಸಂಘ ಅಚ್ಚು ಹಾಕಿಸಿದೆ. 1741ರಲ್ಲಿ ಹುಟ್ಟಿದ ವರ್ತಕ ಜಾರ್ಜ್ ಅವುಗಳಲ್ಲಿ ಬರುವಷ್ಟು ತಡವಾಗಿ ಹುಟ್ಟಲಿಲ್ಲ. ಐರ್ಲೆಂಡಿನ ಕಡೆ ಕಷ್ಟ ಹೆಚ್ಚು. ದಬ್ಬಾಳಿಕೆಯ ಕಾನೂನುಗಳ ಕಾಲದಲ್ಲಿ ಹಳ್ಳಿಯ ಗುರುಗಳು ಪುಸ್ತಕ ಇಡುವುದೇ ಅಪಾಯವಾಗಿತ್ತು, ಹೆಚ್ಚಿನ ಧರ್ಮಕೇಂದ್ರಗಳ ದಾಖಲೆಗಳು 18ನೆಯ ಶತಮಾನದ ಕೊನೆಗೆ ಅಥವಾ ಅದಕ್ಕೂ ಈಚೆಗೆ ಆರಂಭವಾಗುತ್ತವೆ. ಸರಕಾರಿ ಪತ್ರಾಗಾರದಲ್ಲಿದ್ದ ಉಯಿಲುಗಳ ಪೈಕಿ ಬಹುಪಾಲು 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದೊಂದಿಗೆ ಸುಟ್ಟುಹೋದವು. ಆದ್ದರಿಂದ ರಾಬರ್ಟ್ ಮೀಡ್ ಅವರಿಂದ ಹಿಂದಕ್ಕೆ ರಾಜರು, ಸರದಾರರವರೆಗೆ ಎಳೆದ ವಂಶವೃಕ್ಷಗಳನ್ನು ಕಂಡರೆ ಸ್ವಲ್ಪ ನಿಧಾನಿಸಿ ಓದುವುದು ಲೇಸು.

ಕಾದಿಸ್‌ನ ಬಾಕಿಯ ಕಡತ ಮಾತ್ರ ಬಹಳ ಕಾಲ ಜೀವಂತವಾಗಿತ್ತು. ವಾರಸುದಾರರು ಕಾಂಗ್ರೆಸ್ಸಿಗೆ ಅರ್ಜಿಯ ಮೇಲೆ ಅರ್ಜಿ ಹಾಕಿದರು. ಗೆಟಿಸ್‌ಬರ್ಗ್‌ನಲ್ಲಿ ಆ ಸರಕಾರವನ್ನು ಉಳಿಸಿಕೊಟ್ಟವರು ಮೀಡ್ ಅವರ ಮಗನೇ ಆಗಿದ್ದರೂ ಅದರಿಂದ ಲೆಕ್ಕ ಬದಲಾಗಲಿಲ್ಲ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಪ್ರಕರಣ ಅಮೆರಿಕಾದ ಸುಪ್ರೀಂ ಕೋರ್ಟಿಗೆ ಬಂತು. 'ಮೀಡ್ ವಿರುದ್ಧ ಯುನೈಟೆಡ್ ಸ್ಟೇಟ್ಸ್' ಎಂಬ ಆ ಪ್ರಕರಣದಲ್ಲಿ, 1869ರ ಸಾಲಿನ ಅಧಿವೇಶನದಲ್ಲಿ, ಹಳೆಯ ಆಯೋಗದ ತೀರ್ಮಾನವೇ ಅಂತಿಮ ಎಂದು ನ್ಯಾಯಾಲಯ ಹೇಳಿತು. ರಿಚರ್ಡ್ ಮೀಡ್ ಸತ್ತು ಆಗ ನಲವತ್ತೊಂದು ವರ್ಷಗಳಾಗಿದ್ದವು.